ಮೂರು ಪೌಂಡಿನ ತೋಳು

ಈಸ್ಟರ್ ರಜೆಯ ಮೊದಲ ಕೆಲಸ
ಫ್ರಿಜ್ಜಿನಿಂದ ಆಮೆಯನ್ನು ಹೊರಗೆ ತೆಗೆಯುವುದು.
ನಗಬೇಡಿ. ಈ ಊರಲ್ಲಿ ಆಮೆಯ ಚಳಿಗಾಲದ ನಿದ್ದೆಗೆ
ಐದು ಡಿಗ್ರಿ ಬೇಕು, ಆಚೆಯಿಲ್ಲ ಈಚೆಯಿಲ್ಲ;
ಅವನಿಗೆಂದೇ ಒಂದು ಪುಟ್ಟ ಫ್ರಿಜ್ಜು, ಒಳಗೆ ಮಣ್ಣಿನ ಡಬ್ಬಿ.
ಹದಿಮೂರು ವಾರ ಕಲ್ಲಾಗಿದ್ದವನು
ಉಗುರುಬೆಚ್ಚಗಿನ ನೀರಲ್ಲಿ ಕೂತು
ಮೊದಲು ಒಂದು ಕಾಲು, ಆಮೇಲೆ ಅರ್ಧ ಕಣ್ಣು,
ಕೊನೆಗೆ, ಸಾಲ ಕೊಟ್ಟವ ಹೋದನೇ ಎಂದು ಇಣುಕುವವನ ಹಾಗೆ
ಕತ್ತು.
ಹೆಸರು ದಫೇದಾರ.

ಎರಡು ವಾರ ಗಂಟೆಯ ಸದ್ದಿಲ್ಲ.
ಶಾಲೆಯ ಪ್ರಯೋಗಾಲಯದಲ್ಲಿ ದಿನಾ ನಾನು ತೊಳೆಯುವ ಬೀಕರುಗಳು
ಬೋರಲು ಬಿದ್ದು ಮಲಗಿವೆ.
ಅಡುಗೆಮನೆಯ ಮೇಜಿನ ತುಂಬ ವರ್ಷದ ಬಾಕಿ:
ಅಂಚು ಮಡಿಸದ ಕೌದಿ,
ಸೊಂಡಿಲು ಹುಟ್ಟದ ಕಸೂತಿ ಆನೆ,
ಯಾರ ತಲೆಗೂ ಆಗದ ಒಂದು ಟೋಪಿ.
ಮೇಜಿನ ಕೆಳಗೆ ಪರ್ಸಿ,
ಓಟದ ಪಂದ್ಯದಿಂದ ನಿವೃತ್ತನಾದ ಗ್ರೇಹೌಂಡ್,
ಕತ್ತರಿಯ ಸದ್ದಿಗೆ ಎದೆ ಒಡೆದುಕೊಳ್ಳುವ ಶೂರ.

ಇವನ್ನೆಲ್ಲ ಮುಗಿಸಬೇಕು ಎಂದೇ
ಗುರುವಾರ ಟಾಡ್‌ಮಾರ್ಡನ್ ಸಂತೆಗೆ ಹೋದೆ,
ಇನ್ನಷ್ಟು ತರಲು.

ಐವತ್ತು ಪೆನ್ಸಿಗೆ ಒಂದು ಡಬ್ಬಿ ಗುಂಡಿ
(ಒಂದು ಹಿತ್ತಾಳೆಯದು, ಲಂಗರಿನ ಗುರುತು, ಯಾವ ನಾವಿಕನದೋ).
ತುಕ್ಕು ಹಿಡಿದ ಹಲ್ಲುಕತ್ತರಿ.
ಮತ್ತೆ ಮೇಜಿನಡಿಯಲ್ಲಿ, ಮೂರು ಪೌಂಡಿನ ಚೀಟಿ ಅಂಟಿಸಿದ ಚೀಲ:
ಪಾಚಿಹಸಿರು ಉಣ್ಣೆಯ ಸ್ವೆಟರು,
ಬೆನ್ನಿದೆ, ಎದೆಯಿದೆ, ಬಲತೋಳಿದೆ,
ಎಡತೋಳು ಮೊಣಕೈವರೆಗೆ ಬಂದು
ಸೂಜಿಯ ಮೇಲೇ ನಿಂತುಬಿಟ್ಟಿದೆ.
‘ನಮೂನೆಯ ಕಾಗದ ಇಲ್ಲ, ಲವ್,’ ಎಂದ ಅಂಗಡಿಯವ.
ಇಲ್ಲಿ ಲವ್ ಅಂದರೆ ನಮ್ಮಲ್ಲಿ ಅಕ್ಕಾರೆ ಅಂದ ಹಾಗೆ.
ಯಾರದು ಎಂದು ನಾನು ಕೇಳಲಿಲ್ಲ,
ಅವನಿಗೂ ಹೇಳುವ ಮನಸ್ಸಿರಲಿಲ್ಲ.

ಬಿಚ್ಚಿಬಿಡುವುದೇ ಸರಿ ಅನ್ನಿಸಿತ್ತು. ಒಳ್ಳೆಯ ಉಣ್ಣೆ,
ಪರ್ಸಿಗೊಂದು ಹೊದಿಕೆ ಆದೀತು.
ಒಂದು ಸಾಲು ಎಳೆದೆ. ನೂಲು
ಬಿಡಿಸಿದ ಜಡೆಯ ಹಾಗೆ ಗುಂಗುರಾಗಿ ಬಂತು.
ಚೀಲದ ತಳದಿಂದ ಬಿತ್ತು ಒಂದು ಬಸ್ ಟಿಕೆಟ್,
ಬೆನ್ನಿಗೆ ಪೆನ್ಸಿಲ್ ಗೀಟುಗಳು:
ನಾಲ್ಕು ನಿಂತದ್ದು, ಒಂದು ಅಡ್ಡ,
ನಾಲ್ಕು ನಿಂತದ್ದು, ಒಂದು ಅಡ್ಡ,
ಕೊನೆಯ ಕಟ್ಟಿನಲ್ಲಿ ಮೂರೇ.

ಚಹಾ ಆರಿತು.
ಎಳೆದ ಸಾಲಿನ ಮೂವತ್ತೆಂಟು ಕುಣಿಕೆಗಳನ್ನು
ಒಂದೊಂದಾಗಿ ಸೂಜಿಗೆ ಮರಳಿಸಿ
ಅದೇ ಸಾಲನ್ನು ಮತ್ತೆ ಹೆಣೆದು
ನಾಲ್ಕನೆಯ ಗೀಟು ನಾನು ಎಳೆದೆ.

ಆಕೆಯದು ಬಿಗಿಯಾದ ಕೈ, ನನ್ನದು ಸಡಿಲ.
‘ಸಿಡುಕಿ ಇದ್ದಿರಬೇಕು,’ ಎಂದಳು ಪಕ್ಕದಮನೆಯ ಗ್ಲೆನಿಸ್,
ತೋಳನ್ನು ಕಿಟಕಿಯ ಬೆಳಕಿಗೆ ಹಿಡಿದು,
‘ಅಥವಾ ಮನೆಯಲ್ಲಿ ಹೀಟರ್ ಹಾಕುತ್ತಿರಲಿಲ್ಲವೋ ಏನೋ.’
ಹಬ್ಬದ ನೀರು ಇಳಿದ ಗೋಡೆಯ ಹಾಗೆ
ಎರಡು ಕೈ ಸೇರಿದಲ್ಲಿ ಒಂದು ಗೆರೆ, ಎಷ್ಟು ತೀಡಿದರೂ ಹೋಗದು.
ಕಸೂತಿ ಕಲಿಸುವಾಗ ಅಬಚಿ ಬೆರಳಿಗೆ ಹೊಡೆಯುತ್ತಿದ್ದಳು:
ಗಂಟು ಹಾಕಬ್ಯಾಡ, ಹಿಂದ ಮುಂದ ಒಂದೇ ಕಾಣಬೇಕು.
ಹೊಸ ಉಂಡೆ ಸೇರಿಸುವಾಗ ಗಂಟು ಹಾಕಿದೆ, ಅಬಚಿ,
ಮೊಣಕೈಯ ಒಳಮಗ್ಗುಲಲ್ಲಿ. ಕಾಣುವುದಿಲ್ಲ. ಚುಚ್ಚೀತು.

ಆನೆಗೆ ಈ ವರ್ಷವೂ ಸೊಂಡಿಲಿಲ್ಲ.
ಹೊರಗೆ ಗುಡ್ಡದ ಮೇಲೆ ಕುರಿಮರಿಗಳು,
ಬೆನ್ನಿಗೆ ನೀಲಿ ಬಣ್ಣದ ನಂಬರು;
ಒಂದು ಗಂಟೆ ಬಿಸಿಲು, ಒಂದು ಗಂಟೆ ಆಲಿಕಲ್ಲು.
ಗ್ಲೆನಿಸಳ ಬೆಕ್ಕು ಎರಡು ಉಂಡೆ ಕದ್ದು
ಒಂದನ್ನು ಮಾತ್ರ ಹಿಂದಿರುಗಿಸಿತು.

ಇವತ್ತು ಭಾನುವಾರ. ನಾಳೆ ಏಳೂಮುಕ್ಕಾಲಿಗೆ ಬಸ್ಸು.
ಮಣಿಕಟ್ಟಿಗೆ ಇನ್ನೂ ಎರಡಂಗುಲ ಬಾಕಿ.
ಟಿಕೆಟಿನಲ್ಲಿ ಜಾಗ ಮುಗಿದು
ಗೀಟುಗಳು ದರದ ಮೇಲೆ, ತಾರೀಖಿನ ಮೇಲೆ ಹತ್ತಿವೆ.
ಸೂಜಿಗಳನ್ನು ಚುಚ್ಚಿಟ್ಟು ಚೀಲ ಮಡಿಸಿದೆ,
ಕೊನೆಯ ಕಟ್ಟಿನಲ್ಲಿ ಎರಡು.

ಹಿತ್ತಲಲ್ಲಿ ದಫೇದಾರ
ವರ್ಷದ ಮೊದಲ ಹಳದಿ ಹೂವನ್ನು ಜಗಿಯುತ್ತಿದ್ದಾನೆ,
ಹಿಂಗಾಲಿಗೆ ಒಂದೆಳೆ ಹಸಿರು ನೂಲು ಸುತ್ತಿಕೊಂಡು,
ಎಳೆಯುತ್ತ, ಎಳೆಯುತ್ತ, ಗೇಟಿನ ಕಡೆಗೆ.