ಹೆಬ್ಬೆರಳಗಲ

ಕುಶಿರೊದಲ್ಲಿ ಬೇಸಿಗೆಯೆಂದರೆ ಮಂಜು.
ಕಡಲಿಂದ ಎದ್ದು, ಮೀನುಪೇಟೆ ದಾಟಿ,
ನಮ್ಮ ರಸ್ತೆ ವಿಭಾಗದ ಕಿಟಕಿಗೇ ಬಂದು ಕೂರುತ್ತದೆ.
ಈಚೆಗೆ ನಾನು, ನಕಾಶೆ, ಅಳತೆಪಟ್ಟಿ,
ಆರಿದ ಚಹಾ.

ಕಾಗದದ ಮೇಲೆ ಗೆರೆ ಎಳೆಯುವುದು ಸುಲಭ.
ಇದು ಫುಟ್‌ಪಾತ್, ಇದು ರಸ್ತೆ,
ನಡುವಿನ ಅಂಚುಗಲ್ಲಿನ ಎತ್ತರ ಹದಿನೈದು ಸೆಂಟಿಮೀಟರ್.
ನನಗೆ ಅದೊಂದು ಅಂಕಿ.

ಬಲೆ ಹೆಣೆಯುವ ತೊಯೊನೊ ಕಚೇರಿಗೆ ಬಂದು
ಗಾಲಿಕುರ್ಚಿಗೆ ಬ್ರೇಕು ಹಾಕಿ ಕೂತರು.
"ನಾನು ರಸ್ತೆ ದಾಟುವುದಿಲ್ಲ ತಮ್ಮಾ,
ರಸ್ತೆಯಲ್ಲೇ ಇರುತ್ತೇನೆ, ಲಾರಿಗಳ ಸಾಲಿನಲ್ಲಿ.
ಮೇಲೆ ಹತ್ತುವುದಕ್ಕೆ ನೀವು ಬಿಟ್ಟರಲ್ಲವೇ?"

ಸರಿ, ಅಳಿಸಿದೆ. ಸೊನ್ನೆ ಬರೆದೆ.
ಅಂಚೆ ಕಚೇರಿಯ ಮೂಲೆಯಲ್ಲಿ ಮಾದರಿಗೆಂದು ಕಟ್ಟಿಸಿದೆ.
ಫುಟ್‌ಪಾತ್ ಜಾರಿ ರಸ್ತೆಗೆ ಸೇರಿದ್ದು
ಎಲ್ಲೆಂದು ನನ್ನ ಕಣ್ಣಿಗೂ ತಿಳಿಯದಷ್ಟು ನಯ.
ಫೋಟೋ ತೆಗೆದು ಗೋಡೆಗೆ ಅಂಟಿಸಿದೆ.

ಆಮೇಲೆ ಬಂದವರು ಇಸೊಗಾಯಿ,
ಸೂಜಿಚಿಕಿತ್ಸೆಯವರು, ಬಿಳಿಕೋಲು ತಟ್ಟುತ್ತ.
ಆ ಮೂಲೆಯಲ್ಲಿ ನಡೆದರು, ನಡೆದರು,
ನಿಲ್ಲಲೇ ಇಲ್ಲ.
ತೋಳು ಹಿಡಿದೆಳೆದೆ. ಮೀನಿನ ಲಾರಿಯೊಂದು
ಹಾರ್ನು ಬಡಿದುಕೊಂಡು ಮಂಜಿನೊಳಗೆ ಹೋಯಿತು.
ಅವರು ಅಂಗಿಯ ತೋಳು ಸರಿಮಾಡಿಕೊಂಡು
ಮೆಲ್ಲಗೆ ಕೇಳಿದರು:
"ಅಂಚು ಎಲ್ಲಿಟ್ಟಿರಿ?"

ಎಲ್ಲಿಟ್ಟಿದ್ದೆ?
ರಬ್ಬರಿನ ಪುಡಿಯಲ್ಲಿ, ಕಸದ ಬುಟ್ಟಿಯಲ್ಲಿ.

ಮರುವಾರ ಇಬ್ಬರನ್ನೂ ಅದೇ ಮೂಲೆಗೆ ಕರೆದೆ.
ಬಡಗಿಯಿಂದ ಹಲಗೆಗಳ ತಂದಿದ್ದೆ,
ದಪ್ಪದ್ದು, ತೆಳ್ಳನೆಯದು, ಇನ್ನೂ ತೆಳ್ಳನೆಯದು.
ಐದಕ್ಕೆ ಮುಂದಿನ ಪುಟ್ಟ ಗಾಲಿ ಸಿಕ್ಕಿಬಿತ್ತು,
ತೊಯೊನೊ ಬೈದದ್ದು ಇಲ್ಲಿ ಬರೆಯಲಾರೆ.
ಒಂದಕ್ಕೆ ಕೋಲು ಗೊತ್ತೇ ಆಗದೆ ಜಾರಿತು,
ಇಸೊಗಾಯಿ ಬರೀ ತಲೆಯಾಡಿಸಿದರು.
ಮೂರು. ಎರಡೂವರೆ. ಮತ್ತೆ ಒಂದೂವರೆ.
ಅಂಚೆಯವನು ಸೈಕಲ್ಲು ನಿಲ್ಲಿಸಿ ನೋಡಿದ,
ಶಾಲೆಯ ಮಕ್ಕಳು ಹಲಗೆ ಹಿಡಿದುಕೊಟ್ಟರು.
ಎರಡರಲ್ಲಿ
ಗಾಲಿ ಡಕ್ಕೆಂದು ಒಮ್ಮೆ ಗುದ್ದಿ ಹತ್ತಿತು,
ಕೋಲಿನ ತುದಿ ಟಕ್ಕೆಂದು ಒಮ್ಮೆ ತಡೆದು ನಿಂತಿತು.

ಇಬ್ಬರ ಮುಖವೂ ಹುಳ್ಳಗಾಯಿತು.
"ಒಂಚೂರು ಹೆಚ್ಚು," ಎಂದರು ಆಕೆ.
"ಒಂಚೂರು ಕಡಿಮೆ," ಎಂದರು ಈತ.
ಹಾಗಾದರೆ ಇದೇ, ಎಂದೆ.
ತೊಯೊನೊ ಬಾಗಿ, ಬಲೆಯ ಕಣ್ಣು ಅಳೆಯುವಂತೆ
ಹಲಗೆಯ ಪಕ್ಕ ಹೆಬ್ಬೆರಳು ಅಡ್ಡ ಇಟ್ಟರು,
ಅಷ್ಟೇ ಅಗಲ.
ಇಸೊಗಾಯಿ ತಡವಿ ಆ ಬೆರಳನ್ನೂ ಮುಟ್ಟಿ ನೋಡಿ,
"ಇದು ಉಪ್ಪು ತಿಂದ ಕೈ," ಎಂದರು.

ಹಳದಿ ಹಾಸು ಕೂರಿಸಿದೆವು,
ಗೆರೆಯಿದ್ದಲ್ಲಿ ನಡೆ, ಚುಕ್ಕಿಯಿದ್ದಲ್ಲಿ ನಿಲ್ಲು.
"ನಿನ್ನ ಚುಕ್ಕಿಗಳು ನನ್ನ ಬೆನ್ನುಮೂಳೆ ಎಣಿಸುತ್ತವೆ,"
ತೊಯೊನೊ ಈಗಲೂ ಗೊಣಗುತ್ತಾರೆ.
ಜನವರಿಯಲ್ಲಿ ಹಿಮ ಬಿದ್ದರೆ ಗೆರೆಯೂ ಇಲ್ಲ, ಚುಕ್ಕಿಯೂ ಇಲ್ಲ,
ಹಿಮ ತಳ್ಳುವ ಯಂತ್ರ ತಂದು ರಾಶಿ ಹಾಕುವುದು
ಸರಿಯಾಗಿ ಆ ಮೂಲೆಗೇ.
ಅದಕ್ಕೆ ಬೇರೆ ವಿಭಾಗ, ಬೇರೆ ಕಡತ.

ಇನ್ನು ಸಿಗ್ನಲ್ಲಿನ ಹಕ್ಕಿಗಳು.
ಹಸಿರು ಬಿದ್ದಾಗ ಒಂದು ದಿಕ್ಕಿಗೆ ಕೋಗಿಲೆ,
ಇನ್ನೊಂದು ದಿಕ್ಕಿಗೆ ಕೋಳಿಮರಿ.
ರಾತ್ರಿ ಎಂಟಕ್ಕೆ ಎರಡರ ಬಾಯಿಯೂ ಕಟ್ಟುತ್ತೇವೆ,
ನಿದ್ದೆ ಕೆಡುತ್ತದೆಂದು ಮಹಡಿಮನೆಯವರ ದೂರು.
ಇಸೊಗಾಯಿ ಕೊನೆಯ ಸೂಜಿ ತೆಗೆಯುವುದು ಒಂಬತ್ತಕ್ಕೆ.

ಮೊನ್ನೆ ತಡವಾಗಿ ಹೊರಟೆ. ಮೊಳದಾಚೆ ಏನೂ ಕಾಣದ ಮಂಜು.
ದೀಪದ ಕಂಬವನ್ನು ನಾನೇ ತಡವುತ್ತಿದ್ದೆ.
ಚುಕ್ಕಿಗಳ ಮೇಲೆ ಒಂದು ಕೋಲು ಸುಮ್ಮನೆ ನಿಂತಿತ್ತು.
ಆಚೆ ಬದಿಯಿಂದ, ಬಲೆಯ ಕೊಟ್ಟಿಗೆ ಮುಚ್ಚಿ ಬಂದ ತೊಯೊನೊ,
ಒಣಗಿದ ಗಂಟಲಲ್ಲಿ, ಗಟ್ಟಿಯಾಗಿ, ತಾಳ ತಪ್ಪಿ,
ಕುಕ್ಕೂ
ಕುಕ್ಕೂ
ಕೋಲು ನಡೆಯಿತು. ಹಿಂದೆಯೇ ನಾನೂ.

ಅದರ ಮೇಲೂ ಒಂದು ದೂರು ಬಂದಿದೆ.
ಮೇಜಿನ ಮೇಲಿದೆ, ಚಹಾದ ಲೋಟದಡಿ.