ಟೀ ಇನ್ನೂ ಬಿಸಿ ಇತ್ತು

ಲಗ್ಗೆರೆಯಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಕೋಣೆ.
ಭಾನುವಾರ ನಾಲ್ಕಕ್ಕೆ ನನ್ನ ಇಂಗ್ಲಿಷ್ ಕ್ಲಾಸು.
ಕೆಳಗೆ ರಾಗಿ ಬಿದ್ದರೆ ಮೇಲೆ ಬೋರ್ಡು ನಡುಗುತ್ತದೆ,
ನನ್ನ ಕೈಗೆ ಹತ್ತಿದ್ದು ಸೀಮೆಸುಣ್ಣವೋ ಹಿಟ್ಟೋ
ಮನೆಗೆ ಹೋಗಿ ತೊಳೆದಾಗಲೇ ಗೊತ್ತು.

ಏಳು ಜನ. ಆರು ದಿನ ಕಾಲರು, ಕಫು, ಕಾಜಾ
ನೋಡಿ ನೋಡಿ ಸೋತ ಕಣ್ಣುಗಳು.
ಮೊದಲ ತಿಂಗಳು ಪಠ್ಯಪುಸ್ತಕ ಓದಿಸಿದೆ:
ಮಿಸ್ಟರ್ ಯಾರೋ ಪಾರ್ಕಿಗೆ ಹೋದ, ಬಾತುಕೋಳಿ ನೋಡಿದ.
ಪುಟ್ಟನರಸಮ್ಮ ಆಕಳಿಸಿ ಕೇಳಿದಳು,
"ಆಮೇಲೇನಾಯ್ತು ಮಿಸ್?"
ಆಮೇಲೇನೂ ಆಗಿರಲಿಲ್ಲ.

ಹಾಗಾಗಿ ಒಂದು ಕಳ್ಳತನ ಮಾಡಿಸಿದೆ.
ಒಂದೇ ಹಾಳೆ. ದೊಡ್ಡ ಮನೆ, ಕಾಣೆಯಾದ ಉಂಗುರ,
ಅಡುಗೆಯವಳು, ಡ್ರೈವರು, ಯಜಮಾನಿಯ ತಂಗಿಯ ಮಗ.
ಒಬ್ಬರು ಸುಳ್ಳು ಹೇಳುತ್ತಿದ್ದಾರೆ. ಯಾರು?
ಬುಡದಲ್ಲಿ ತಲೆಕೆಳಗಾಗಿ ಬರೆದ ಉತ್ತರವನ್ನು
ಕತ್ತರಿಸಿ ಪರ್ಸಿನಲ್ಲಿಟ್ಟುಕೊಂಡೆ.

"ಅಡುಗೆಯವಳೇ" ಅಂದಳು ಸೆಲ್ವಿ, ಓದುವ ಮೊದಲೇ.
"ಎಲ್ಲರೂ ಅವಳನ್ನೇ ಅಂತಾರೆ, ಅದಕ್ಕೇ ಅವಳಲ್ಲ,"
ಮೆಹಜಬೀನ್ ಎದ್ದೇ ನಿಂತಳು,
"ನಮ್ಮಮ್ಮ ಮಲ್ಲೇಶ್ವರದಲ್ಲಿ ನಾಲ್ಕು ಮನೆ ಮಾಡಿದೋಳು."
ಸಾಕ್ಷಿ ಎಲ್ಲಿ ಅಂದೆ.
ಮತ್ತೆ ಹಾಳೆಗೆ ಬಗ್ಗಿದರು, ಬೆರಳಿಟ್ಟು ಪದಕ್ಕೆ ಪದ,
ಬಾಬಿನ್ನಿನಲ್ಲಿ ದಾರದ ತುದಿ ಹುಡುಕುವ ಹಾಗೆ.

ಒಂದು ಸಾಲಿನಲ್ಲಿ 'ಸ್ಟಿಲ್' ಸಿಕ್ಕಿಕೊಂಡಿತು.
"ಸ್ಟಿಲ್ ಅಂದ್ರೆ ಅಲ್ಲಾಡದೆ ಇರೋದು ಅಂದಿದ್ರಲ್ಲ?
ಟೀ ಅಲ್ಲಾಡದೆ ಬಿಸಿ ಇತ್ತಾ? ಇದೆಂಥ ಟೀ?"
ನಾನು ತುಟಿ ಕಚ್ಚಿ ಕಿಟಕಿ ನೋಡಿದೆ.
ಡಿಕ್ಷನರಿ ಕೈಯಿಂದ ಕೈಗೆ ಹೋಯಿತು,
ಎರಡನೇ ಅರ್ಥ, ಮೂರನೇ ಅರ್ಥ...
"ಇನ್ನೂ!" ಪುಟ್ಟನರಸಮ್ಮ ಬೆಂಚು ಗುದ್ದಿದಳು.
"ಇನ್ನೂ ಬಿಸಿ ಇತ್ತು! ಎರಡು ಗಂಟೆಗೇ ಕುಡಿದಿಟ್ಟು ಹೋದೆ ಅಂತಾನಲ್ಲ,
ಐದಕ್ಕೆ ಉಳಿದ ಟೀ ಹೆಂಗೆ ಬಿಸಿ ಇತ್ತು?
ಅವನೇ, ತಂಗಿ ಮಗ!"
ಕೆಳಗೆ ಗಿರಣಿ ಯಾವಾಗ ನಿಂತಿತ್ತೋ
ಯಾರಿಗೂ ತಿಳಿದಿರಲಿಲ್ಲ.

ಸೋಮವಾರ ಆ ಹಾಳೆ ಪೀಣ್ಯಕ್ಕೆ ಹೋಯಿತಂತೆ,
ಊಟದ ಡಬ್ಬಿಗಳ ನಡುವೆ, ಸಾರಿನ ಕಲೆ ಹತ್ತಿಸಿಕೊಂಡು.
ಸಂಜೆಗೆ ಇಡೀ ಮೂರನೇ ಲೈನು ಅಡುಗೆಯವಳ ಪಕ್ಷ.
ಮುಂದಿನ ಭಾನುವಾರ ಹನ್ನೊಂದು ಜನ.
ನನಗೋ ರಾತ್ರಿಯೆಲ್ಲ ಇದೇ ಕೆಲಸ,
ಯಾರಿಂದ ಏನು ಕದಿಸಲಿ, ಯಾವ ಪದದ ಹಿಂದೆ ಬಚ್ಚಿಡಲಿ.

ಕಳೆದ ವಾರ ಪುಟ್ಟನರಸಮ್ಮ ತಾನೇ ಒಂದು ಬರೆದು ತಂದಳು.
ಎಂಟು ಸಾಲು ಇಂಗ್ಲಿಷು,
ಕ್ರಿಯಾಪದಗಳೆಲ್ಲ ಸೊಂಟ ಹಿಡಿದುಕೊಂಡು ನಿಂತಿವೆ.
ಗೋಡೆ ಗಡಿಯಾರ ಏಳೂವರೆ ಎನ್ನುತ್ತದೆ.
ಹಾಜರಿ ಪುಸ್ತಕ ಐದೂವರೆ ಎನ್ನುತ್ತದೆ.
ಹೊರಗೆ ಕತ್ತಲು. ಸೂಪರ್‌ವೈಸರ್ ಟೀ ಇನ್ನೂ ಬಿಸಿ.
ಒಬ್ಬರು ಸುಳ್ಳು ಹೇಳುತ್ತಿದ್ದಾರೆ. ಯಾರು?

ಕೆಂಪು ಪೆನ್ನು ತೆಗೆದೆ. ಒಂದು 'ದಿ' ಸೇರಿಸಿದೆ.
ಮುಚ್ಚಳ ಹಾಕಿದೆ.
ಹಾಳೆ ತಿರುಗಿಸಿ ಬುಡದಲ್ಲಿ ನೋಡಿದರೆ
ಉತ್ತರದ ಜಾಗ ಇಲ್ಲ. ಒಂದು ನೂಲೂ ಏಳದ ಹಾಗೆ
ನೇರ ಕತ್ತರಿ, ಕಸುಬಿನ ಕೈ.
"ಎಲ್ಲಿ?" ಅಂದೆ.
"ಪರ್ಸಲ್ಲಿದೆ ಮಿಸ್," ಅಂದಳು,
"ಮೊದ್ಲು ನೀವು ಹೇಳಿ."