ಇಪ್ಪತ್ತು ಕಿಲೋದ ಕೆಳಗಿನದು

ಅಸ್ಕರಿನ ಈ ಗುಡ್ಡ ದೇವರು ಮಾಡಿದ್ದಲ್ಲ.
ನನ್ನ ತಕ್ಕಡಿ ಹಾದು ಹೋಗಿ ಆದದ್ದು,
ಹನ್ನೊಂದು ವರ್ಷ, ಲಾರಿ ಲಾರಿಯಾಗಿ.
ತುಂಬಿ ಬಂದ ತೂಕ, ಬರಿದಾಗಿ ಹೋದ ತೂಕ,
ಕಳೆದು ಉಳಿದದ್ದೇ ಗುಡ್ಡ.

ಬದ್ರಿಯಾ ಎಂಬ ಇಂಜಿನಿಯರಮ್ಮ ಬಂದಿದ್ದಾಳೆ,
ಅಬಾಯಾದ ಕೆಳಗೆ ದೂಳು ಹಿಡಿದ ಬೂಟು.
ಆಯ್ದು, ಮಾರಿ, ಕರಗಿಸಿ,
ಆಮೇಲೂ ಯಾರಿಗೂ ಬೇಡವಾದದ್ದರ ಗತಿಯೇನು
ಎಂಬುದು ಅವಳ ಕೆಲಸ.
ಒಂದು ಟನ್ ಕಸ, ಮೂರು ಕಾಲಮ್ಮು.
ಹೂಳಿದರೆ.
ಸುಟ್ಟರೆ.
ಕೊಳೆಸಿ, ಒಣಗಿಸಿ, ಆಮೇಲೆ ಹೂಳಿದರೆ.
ಗಾಳಿಗೆಷ್ಟು, ನೀರಿಗೆಷ್ಟು, ಮೊಮ್ಮಕ್ಕಳಿಗೆಷ್ಟು.
"ನಿನ್ನ ಅಂಕಿ ಸರಿಯಿದ್ದರೆ ನನ್ನದೂ ಸರಿ"
ಅಂದಳು, ಮುರುಕು ಹಿಂದಿಯಲ್ಲಿ.

ಮೊದಲ ಕಾಲಮ್ಮು ನನಗೆ ಗೊತ್ತು,
ಅದರ ಮೂಗಿನ ಕೆಳಗೇ ನನ್ನ ಕ್ಯಾಬಿನ್ನು.
ಆಗಸ್ಟಿನ ರಾತ್ರಿ ಗಾಳಿಯೇ ಬೆವರುವಾಗ
ಗುಡ್ಡ ಉಸಿರು ಬಿಡುತ್ತದೆ.
ಬೂದಿ ಮುಚ್ಚಿದ ಕೆಂಡ ಅನ್ನುತ್ತೇವೆ ನಾವು;
ಇದು ಮರಳು ಮುಚ್ಚಿದ್ದು.
ಗುಲ್‌ಜಮಾನ್ ಡೋಜರು ಹತ್ತಿ ಮರಳೆಳೆದು ಹೊದೆಸುತ್ತಾನೆ,
ಬೆಳಗಾಗುವಾಗ ಹೊಗೆ ಇನ್ನೊಂದು ಮಗ್ಗುಲಲ್ಲಿ.
ಹೂಳುವುದಕ್ಕೆ ನಮ್ಮ ಮಾತು ಮಣ್ಣು ಮಾಡುವುದು.
ಇಲ್ಲಿ ಮಾಡಿದ್ದೇನೋ ಮಾಡಿದೆವು, ಮಣ್ಣಾಗಲಿಲ್ಲ.
ಹೋದ ವರ್ಷ ಬೋರು ಕೊರೆದಾಗ ಮೇಲೆ ಬಂತು
ಓದಲು ಬರುವ ಪೇಪರು, ತಾರೀಖು ಸಮೇತ,
ಮತ್ತೆ ಡೈಪರಿನ ಚೀಲ, ಅದರ ಮೇಲೆ
ಈಗ ಮೀಸೆ ಬಂದಿರಬೇಕಾದ ಮಗುವಿನ ನಗು.

ಸುಡುವುದು ಗೊತ್ತಿರುವುದು ಚೆಯ್ಯಬ್ಬನಿಗೆ.
ನನ್ನ ಮೇಲಿನ ಮಂಚದವನು,
ಹಿಂದೆ ಕಡಲಾಚೆ ಅಂಥದೊಂದು ಒಲೆಯಲ್ಲಿ ದುಡಿದವನು.
"ಹತ್ತು ಲಾರಿ ಒಳಗೆ ಹೋದರೆ ಮಾರಾಯಾ, ಎರಡು ಲಾರಿ ಬೂದಿ.
ಕರೆಂಟೂ ಬರ್ತದೆ. ಆ ಕರೆಂಟಲ್ಲಿ ಏಸಿ,
ಏಸಿಯಡಿ ಕೂತು ಪಾರ್ಸೆಲ್ ಊಟ, ಮತ್ತೆ ಕಸ."
ಚಿಮಣಿಯಲ್ಲಿ ಏನೂ ಕಾಣುವುದಿಲ್ಲವಂತೆ.
ಕಾಣದ್ದನ್ನು ಬಟ್ಟೆಯ ಚೀಲದಲ್ಲಿ ಹಿಡಿಯುತ್ತಾರಂತೆ.
ಆ ದೂಳನ್ನು ಬರಿಗೈಲಿ ಮುಟ್ಟಬಾರದು,
ಸಿಮೆಂಟಿನಲ್ಲಿ ಕಟ್ಟಿ ಎಲ್ಲಾದರೂ ಹೂಳಬೇಕು.
"ಹೂಳಲೇಬೇಕು ಹೇಗೂ" ಅಂದು ಮಗ್ಗುಲಾದ.
ಸುಡುವ ಮನೆಯವ ನಾನು, ಹೂಳುವ ಮನೆಯವ ಅವನು.
ಆ ರಾತ್ರಿ ಅದರ ಮೇಲೆ ಮಾತು ಬೆಳೆಸಲಿಲ್ಲ.

ಮೂರನೆಯದಕ್ಕೆ ನನ್ನಲ್ಲಿ ಕತೆಯಿಲ್ಲ.
ರಂಜಾನ್ ತಿಂಗಳಲ್ಲಿ ಲಾರಿಗಳು ಭಾರ, ಅಷ್ಟು ಗೊತ್ತು.
ಬಿಸಿ ಆರದ ಅನ್ನ, ಮುಟ್ಟದ ಮಾಂಸ, ಖರ್ಜೂರದ ಬೀಜ.
ಮೊದಲೇ ಕೊಳೆಸಿ ಮುಗಿಸಿದರೆ
ಗುಡ್ಡದ ಉಬ್ಬಸ ತಗ್ಗುತ್ತದಂತೆ.
"ತಗ್ಗುತ್ತದೆ" ಅಂದಳು ಬದ್ರಿಯಾ, "ನಿಲ್ಲುವುದಿಲ್ಲ."

ಯಾವುದು ಗೆದ್ದಿತು ಮೇಡಂ, ಕೇಳಿದೆ ಸಂಜೆ.
ಊರಿನ ಕರೆಂಟು ಗ್ಯಾಸಿನದಾದರೆ ಒಂದು ಉತ್ತರ,
ಬಿಸಿಲಿನದಾದರೆ ಇನ್ನೊಂದು.
ಇಪ್ಪತ್ತು ವರ್ಷಕ್ಕೆ ಲೆಕ್ಕ ಹಾಕಿದರೆ ಗುಡ್ಡ ಹೀನಾಯವಾಗಿ ಸೋಲುತ್ತದೆ,
ನೂರಕ್ಕಾದರೆ ಬರೀ ಸೋಲುತ್ತದೆ.
ಗೆದ್ದದ್ದು?
ಅವಳು ಲ್ಯಾಪ್‌ಟಾಪು ಮಡಚುತ್ತಿದ್ದಳು.

ಆಚೆ ಎಸೆದು ಬಾ, ಅನ್ನುತ್ತಿದ್ದಳು ಅಮ್ಮ,
ಮೊರದ ಕಸ ಕೈಗಿತ್ತು.
ಇದು ದ್ವೀಪ. ಆಚೆ ಅಂದರೆ ಕಡಲು,
ಕಡಲಿನಾಚೆ ಮತ್ತೊಬ್ಬರ ಈಚೆ.

ಒಂದು ಮಾತು ಅವಳಿಗೆ ಹೇಳಿದ್ದೆ:
ನನ್ನ ತಕ್ಕಡಿ ಇಪ್ಪತ್ತಿಪ್ಪತ್ತು ಕಿಲೋ ಎಣಿಸುತ್ತದೆ,
ನಡುವಿನದು ಅದಕ್ಕೆ ಕಾಣದು.
"ಪರವಾಗಿಲ್ಲ" ಎಂದು ಗುರುತು ಹಾಕಿಕೊಂಡಿದ್ದಳು.

ಅವಳ ಕಾರು ಹೋದ ಮೇಲೆ, ಲಾರಿಯಿಲ್ಲದ ಹೊತ್ತಲ್ಲಿ
ನಾನೇ ಹತ್ತಿ ನಿಂತೆ. ಕೆಂಪಗೆ ಹೊತ್ತಿತು: ಅರವತ್ತು.
ಊಟದ ಡಬ್ಬಿ ಹಿಡಿದು ನಿಂತರೂ ಅರವತ್ತು.
ಅಲ್ಲೇ ಕೂತು ಉಂಡೆ,
ಪ್ಲಾಸ್ಟಿಕ್ಕಿನ ಡಬ್ಬಿಯನ್ನು ಎಲ್ಲಿಗೆಸೆಯಲಿ ಎಂದು ನೋಡಿದೆ.
ಗುಡ್ಡದಿಂದ ಒಂದು ಕಡಲಹಕ್ಕಿ ಇಳಿದು
ಪಕ್ಕದಲ್ಲಿ ಕೂತಿತು,
ನನ್ನ ಕೈಯನ್ನೇ ನೋಡುತ್ತ.
ಅಂಕಿ ಕದಲಲಿಲ್ಲ.